ಮಾಷ್ಟ್ರೇ, ಹಕ್ಕಿಗಳೆಲ್ಲ ಎಲ್ಲಿ ಹೋದವು?

ಈ ಸಲ ಕಾಸರಗೋಡಿನ ಊರೂರುಗಳಿಂದ ಬಂದ ಕಾಗದಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಒಂದೇ ಮಾತು ಕೇಳಿವೆ. ಹಕ್ಕಿ ಕಡಿಮೆಯಾಯಿತಾ, ಜಾಸ್ತಿಯಾಯಿತಾ? ನಾನು ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದವ. ಪ್ರಶ್ನೆಗೆ ಮರುಪ್ರಶ್ನೆ ಹಾಕುವ ಚಟ ಪೆನ್ಷನ್ ಬಂದ ಮೇಲೂ ಬಿಟ್ಟಿಲ್ಲ. ಹಾಗಾಗಿ ಎಲ್ಲರಿಗೂ ಮೊದಲೇ ಕೇಳಿಬಿಡುತ್ತೇನೆ. ಯಾವ ತಿಂಗಳು ನೋಡಿದಿರಿ? ಎಲ್ಲಿ ನಿಂತು ನೋಡಿದಿರಿ?

ಚಳಿಗಾಲದಲ್ಲಿ ನಮ್ಮ ಅಂಗಳದ ತುಂಬ ಹಕ್ಕಿಗಳು. ಆಟಿ ತಿಂಗಳ ಜಡಿಮಳೆಯಲ್ಲಿ ನೋಡಿದರೆ ಕಾಗೆ, ಕೆಂಬೂತ ಬಿಟ್ಟರೆ ಏನೂ ಇಲ್ಲ. ಮಳೆಗೆ ಸಾಯುತ್ತವಾ? ಎಲ್ಲಿಗೆ ಹೋಗುತ್ತವೆ ಮಾಷ್ಟ್ರೇ?
— ಒಬ್ಬ ಗೃಹಿಣಿ, ಪೆರ್ಲ

ಸಾಯುವುದಿಲ್ಲ ಅಕ್ಕ. ನಿಮ್ಮ ಅಂಗಳದ ಚಳಿಗಾಲದ ಹಕ್ಕಿಗಳಲ್ಲಿ ಸುಮಾರು ನೆಂಟರು ಇದ್ದಾರೆ. ನವರಾತ್ರಿಯ ಆಚೀಚೆ ಬಂದು, ಏಪ್ರಿಲಿನ ಬಿಸು ಹಬ್ಬ ಕಳೆಯುವಾಗ ಹೊರಡುವವರು. ಮಾವಿನ ಎಲೆಗಳ ನಡುವೆ ಒಂದು ಗಳಿಗೆ ಸುಮ್ನೆ ಕೂರದೆ ಚಿಲಿಪ್ ಚಿಲಿಪ್ ಎನ್ನುವ ಹೆಬ್ಬೆರಳಿನಷ್ಟು ದೊಡ್ಡ ಹಸಿರು ಹಕ್ಕಿ ಉಂಟಲ್ಲ, ಅದು ಎಲೆ ಉಲಿಯಕ್ಕಿ. ಮರಿ ಮಾಡಲು ಅದಕ್ಕೆ ಹಿಮಾಲಯವೋ ಅದರಾಚೆಯ ಮಧ್ಯ ಏಷ್ಯಾವೋ ಬೇಕು. ನಮ್ಮಲ್ಲಿ ಆಟಿಯ ಮಳೆ ಹೊಯ್ಯುವಾಗ ಅದು ಅಲ್ಲಿ ಮರಿಗೆ ಹುಳ ತಿನ್ನಿಸುತ್ತಿರುತ್ತದೆ.

ನವರಂಗದ ಕಥೆ ನನ್ನ ಮನೆಯ ಜಗಲಿಯಲ್ಲೇ ನಡೆದದ್ದು. ಒಂದು ಅಕ್ಟೋಬರ್ ರಾತ್ರಿ ಗುಡುಗು ಮಳೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೂಲೆಯಲ್ಲಿ ಹಸಿರು ಬೆನ್ನು, ನೀಲಿ ಹೆಗಲು, ಬಾಲದ ಬುಡಕ್ಕೆ ಕುಂಕುಮ ಬಳಿದಂಥ ಒಂದು ವಸ್ತು. ನನ್ನ ಹೆಂಡತಿ ಮೊಮ್ಮಗನ ಆಟಿಕೆ ಅಂದುಕೊಂಡು ಎತ್ತಲು ಹೋದಳು. ಆಟಿಕೆ ಕಣ್ಣು ಬಿಟ್ಟಿತು! ನವರಂಗ ರಾತ್ರಿ ಹಾರುವ ಹಕ್ಕಿ. ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಾಡುಗಳಲ್ಲಿ ಮಳೆಗಾಲ ಕಳೆದು, ಮರಿ ಮಾಡಿ, ದಕ್ಷಿಣಕ್ಕೆ ಬರುತ್ತದೆ. ದಾರಿಯಲ್ಲಿ ದಣಿದವು ಮನೆ, ಶಾಲೆ, ದೀಪದ ಕಂಬ ಅಂತ ನೋಡದೆ ಬೀಳುತ್ತವೆ. ಇದನ್ನು ರಟ್ಟಿನ ಪೆಟ್ಟಿಗೆಗೆ ನಾಲ್ಕು ತೂತು ಮಾಡಿ ಕತ್ತಲೆಯಲ್ಲಿ ಇಟ್ಟೆವು. ಸಂಜೆ ತೋಟದಲ್ಲಿ ಬಿಟ್ಟೆವು. ಆಮೇಲೆ ಮಾರ್ಚ್‌ವರೆಗೂ ತೋಟದ ಕೆಳಗಿನಿಂದ ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಎರಡು ಸ್ವರದ ಸಿಳ್ಳೆ ಕೇಳುತ್ತಿತ್ತು. ತಮಿಳರು ಇದನ್ನು 'ಆರು ಮಣಿ ಕುರುವಿ' ಎನ್ನುತ್ತಾರೆ, ಆರು ಗಂಟೆಯ ಹಕ್ಕಿ. ನಮ್ಮ ಮನೆಯಲ್ಲೂ ಆ ವರ್ಷ ದೀಪ ಹಚ್ಚುವುದಕ್ಕೆ ಅದೇ ಗಂಟೆ.

ಇಷ್ಟು ಹೋದವರ ವಿಷಯ. ಇನ್ನು ಕೆಲವರು ಹೋಗಿಯೇ ಇರುವುದಿಲ್ಲ, ಬಾಯಿ ಮುಚ್ಚಿಕೊಂಡು ಕೂತಿರುತ್ತಾರೆ. ಇಲ್ಲಿ ನನ್ನ ಮರ್ಯಾದೆ ಹೋದ ಕಥೆಯೂ ಒಂದುಂಟು. ಹಕ್ಕಿ ನೋಡಲು ಶುರು ಮಾಡಿದ ಮೊದಲ ವರ್ಷಗಳಲ್ಲಿ ನನ್ನ ನೋಟ್‌ಪುಸ್ತಕದಲ್ಲಿ ಮಾರ್ಚ್ ಬಂದಾಗ 'ಕೋಗಿಲೆ ಬಂತು' ಅಂತ, ಸೆಪ್ಟೆಂಬರಿನಲ್ಲಿ 'ಕೋಗಿಲೆ ಹೋಯಿತು' ಅಂತ ಬರೆಯುತ್ತಿದ್ದೆ. ಮಕ್ಕಳಿಗೂ ಹಾಗೇ ಪಾಠ ಮಾಡಿದ್ದೆ. ಒಂದು ಡಿಸೆಂಬರಿನಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯ ಹಿಂದಿನ ಪಪ್ಪಾಯಿ ಗಿಡ ತೋರಿಸಿದಳು. ಮೈಯೆಲ್ಲ ಚುಕ್ಕೆ ಇರುವ ಹೆಣ್ಣು ಕೋಗಿಲೆ ಸದ್ದಿಲ್ಲದೆ ಹಣ್ಣು ತಿನ್ನುತ್ತಿತ್ತು. ಕೋಗಿಲೆ ವರ್ಷವಿಡೀ ಇಲ್ಲೇ ಇರುತ್ತದೆ. ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವ ಕಾಲಕ್ಕೆ ಮಾತ್ರ ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ನಾನು ಎಣಿಸುತ್ತಿದ್ದದ್ದು ಹಕ್ಕಿಯನ್ನಲ್ಲ, ಅದರ ಗಂಟಲನ್ನು.

ಮಲಯಾಳಿಗಳ ವಿಷುಪ್ಪಕ್ಷಿಗೂ ಇದೇ ಕಥೆ. ಏಪ್ರಿಲಿನಲ್ಲಿ ಅದು ನಾಲ್ಕು ಸ್ವರದಲ್ಲಿ ಕೂಗುವಾಗ ನಮ್ಮ ನೆರೆಮನೆಯ ಅಮ್ಮನಿಗೆ 'ಚಕ್ಕಯ್ಕ್ ಉಪ್ಪುಂಡೋ' ಅಂತ ಕೇಳುತ್ತದೆ. ಹಲಸಿಗೆ ಉಪ್ಪು ಉಂಟಾ ಅಂತ. ಮಡಿವಾಳ ಹಕ್ಕಿಯೂ ಹಾಗೆಯೇ. ಬೇಸಿಗೆಯಿಡೀ ಹಂಚಿನ ತುದಿಯಲ್ಲಿ ಕೂತು ಹಾಡುತ್ತದೆ, ದೀಪಾವಳಿ ಹೊತ್ತಿಗೆ ನಿಮ್ಮ ಬಚ್ಚಲ ಹಿಂದೆ ಕಳ್ಳನ ಹಾಗೆ ಕುಪ್ಪಳಿಸಿಕೊಂಡಿರುತ್ತದೆ. ಮಳೆಯ ಸದ್ದಿನಲ್ಲಿ ಇದ್ದ ಸಣ್ಣ ಕೂಗೂ ನಿಮಗೆ ಕೇಳುವುದಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ ಊರು ನಮ್ಮದು.

ಮತ್ತೆ, ಆಟಿಯಲ್ಲಿ ನೀವು ನಿಂತ ಜಾಗವೂ ಸರಿ ಇಲ್ಲ ಅಕ್ಕ. ಕೊಡೆ ಹಿಡಿದು ಏಣೆಲು, ಅಂದರೆ ಮಳೆಗಾಲದ ಭತ್ತದ ಗದ್ದೆಯ ಬದುವಿಗೆ ಹೋಗಿ. ಬಿಳಿ ಎದೆಯ ಹುಂಡುಕೋಳಿ ಕೊರ್ರ್ ಕ್ವಾಕ್ ಕ್ವಾಕ್ ಅಂತ ಕಿವಿ ತೂತು ಮಾಡುತ್ತಿರುತ್ತದೆ. ಗದ್ದೆ ಬದಿಯ ತೆಂಗಿನಲ್ಲಿ ಗೀಜಗ ಗೂಡು ನೇಯುತ್ತಿರುತ್ತದೆ. ಗಂಡು ಗೀಜಗದ ಹಳದಿ ಟೊಪ್ಪಿ ನೋಡಲು ಮಳೆಗಾಲವೇ ಬೇಕು. ಚಳಿಗಾಲದಲ್ಲಿ ಟೊಪ್ಪಿ ತೆಗೆದಿಟ್ಟು ಗುಬ್ಬಿಯಂತೆ ಆಗಿಬಿಡುತ್ತದೆ, ನಮ್ಮ ಕಣ್ಣಿಗೆ ಬಿದ್ದರೂ ಗುರುತು ಸಿಗುವುದಿಲ್ಲ.

ಜನವರಿಯಲ್ಲಿ ಹೊಳೆಬಾಗಿಲಿನ ಮರಳ ದಿಣ್ಣೆಯಲ್ಲಿ ಸೀಗಲ್‌ಗಳ ಜಾತ್ರೆ. ಮೇ ಕೊನೆಗೆ ಒಂದೂ ಇಲ್ಲ. ಮೀನು ಕಡಿಮೆಯಾದದ್ದಕ್ಕಾ?
— ಒಬ್ಬ ಬೋಟಿನ ಕೆಲಸಗಾರ, ಕುಂಬಳೆ

ಮೀನಿನ ತಪ್ಪಲ್ಲ. ಅವು ಊರಿಗೆ ಹೋದದ್ದು. ಕಂದು ತಲೆಯ ಸೀಗಲ್‌ಗೆ ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರ ತವರು. ಅವುಗಳ ಜೊತೆ ಮರಳಿನಲ್ಲಿ ಚಕ್ರ ಕಟ್ಟಿದ ಹಾಗೆ ಓಡುವ ಪುಟ್ಟ ಪ್ಲೋವರ್‌ಗಳೂ ಮರಿ ಮಾಡಲು ಉತ್ತರಕ್ಕೆ ಹೊರಡುತ್ತವೆ. ಇನ್ನೂ ಮರಿ ಮಾಡುವ ಪ್ರಾಯ ಆಗದ ಕೆಲವು ಎಳೆಯವು ಹಿಂದೆ ಉಳಿಯುವುದುಂಟು. ಅವು ಬಣ್ಣ ಮಾಸಿದ ಅಂಗಿಯಲ್ಲಿ ಇರುತ್ತವೆ, ಗಮನಿಸಿ. ಜೂನ್–ಜುಲೈಯ ಬಿರುಗಾಳಿ ದಿನಗಳಲ್ಲಿ ದಡದ ಮೇಲೂ ಒಂದು ಕಣ್ಣಿಡಿ. ನಡುಗಡಲಲ್ಲೇ ಬದುಕುವ ಹಕ್ಕಿಗಳನ್ನು ಗಾಳಿ ಆಗ ದಡಕ್ಕೆ ತಂದು ಹಾಕುತ್ತದೆ. ದಣಿದು ಬಿದ್ದದ್ದು ಸಿಕ್ಕಿದರೆ ಕೂಡಲೇ ನೀರಿಗೆ ಎಸೆಯಬೇಡಿ, ಅರಣ್ಯ ಇಲಾಖೆಗೆ ತಿಳಿಸಿ.

ಎಲ್ಲೂ ಹೋಗದ ಒಂದು ನಿಮಗೆ ಗೊತ್ತೇ ಇರುತ್ತದೆ, ಬಿಳಿ ಹೊಟ್ಟೆಯ ಕಡಲ ಹದ್ದು. 2023ರಲ್ಲಿ ಕಾಸರಗೋಡು ಜಿಲ್ಲೆಯ ಹಕ್ಕಿ ಅಂತ ಅದಕ್ಕೆ ಪಟ್ಟ ಕಟ್ಟಿದರು. ಮೀನು ಕಡಲಿನದ್ದು, ಗೂಡು ಮಾತ್ರ ದಡದ ಎತ್ತರದ ಮರದ್ದು. ಪಟ್ಟದ ಜೊತೆ ನಾಲ್ಕು ದೊಡ್ಡ ಮರಗಳನ್ನೂ ಬಿಟ್ಟುಕೊಟ್ಟರೆ ಅದಕ್ಕೆ ಇನ್ನೂ ಸಂತೋಷ.

ನಮ್ಮ ಮನೆ ಮೇಲಿನ ಪದವಿನಲ್ಲಿ, ಗುಡ್ಡೆಯ ನೆತ್ತಿಯ ಕಲ್ಲುಬಯಲಿನಲ್ಲಿ, ಮುರಕಲ್ಲು ತೆಗೆಯಲು ಜಾಗ ಕೊಡುವ ಮಾತು ನಡೆಯುತ್ತಿದೆ. ಅಲ್ಲಿ ಒಂದು ಮರ ಇಲ್ಲ, ಒಂದು ಹಕ್ಕಿ ಇಲ್ಲ. ಬರಡು ಜಾಗ ಹೋದರೆ ನಷ್ಟ ಏನು?
— ಒಬ್ಬ ಓದುಗ, ಸೀತಾಂಗೋಳಿ

ನೀವು ಏಪ್ರಿಲಿನ ಮಧ್ಯಾಹ್ನ ಹನ್ನೆರಡಕ್ಕೆ ನೋಡಿದ್ದು ಅಂತ ನನ್ನ ಅಂದಾಜು. ಆ ಹೊತ್ತಿಗೆ ಪದವಿನಲ್ಲಿ ನಾಯಿಯೂ ನಿಲ್ಲುವುದಿಲ್ಲ. ಆದರೂ ಅದೇ ಹೊತ್ತಲ್ಲಿ, ನಿಮ್ಮ ಕಾಲಿನಿಂದ ಹತ್ತು ಮಾರು ದೂರದಲ್ಲಿ ಹಳದಿ ಟಿಟ್ಟಿಭ ಮೊಟ್ಟೆಯ ಮೇಲೆ ಕೂತಿದ್ದಿರಬಹುದು.

ನಾನು ಆ ಮೊಟ್ಟೆಯನ್ನು ತುಳಿಯುವುದರಿಂದ ಒಂದು ಹೆಜ್ಜೆಯಲ್ಲಿ ತಪ್ಪಿಸಿಕೊಂಡವ. ಗೂಡು ಅಂದರೆ ಗೂಡಲ್ಲ. ಬರೀ ನೆಲದಲ್ಲಿ ಒಂದು ಸಣ್ಣ ತಗ್ಗು, ಅದರಲ್ಲಿ ನಾಲ್ಕು ಮೊಟ್ಟೆ, ಚೂಪು ತುದಿ ಒಳಗೆ ಮಾಡಿ ಜೋಡಿಸಿದ್ದು. ಬಣ್ಣ ಮುರಕಲ್ಲಿನ ಚೂರಿನದ್ದೇ. ತಾಯಿ ಹಕ್ಕಿ ನನ್ನ ಮುಂದೆ ಓಡಿ, ಕೂತು, ಮತ್ತೆ ಓಡಿ, ಸುಳ್ಳು ಗೂಡು ತೋರಿಸಿ ದಾರಿ ತಪ್ಪಿಸಿತು. ನಾನು ದೂರ ಹೋಗಿ ಗೇರು ಗಿಡದ ನೆರಳಲ್ಲಿ ಕೂತು ನೋಡಿದೆ. ಹಕ್ಕಿ ಪಳ್ಳದಲ್ಲಿ, ಅಂದರೆ ಪದವಿನ ಮಳೆನೀರಿನ ಹೊಂಡದಲ್ಲಿ, ಉಳಿದ ನೀರಿಗೆ ಹೋಗಿ ಹೊಟ್ಟೆ ನೆನೆಸಿಕೊಂಡು ಬಂತು. ಬಂದು ಮೊಟ್ಟೆಯ ಮೇಲೆ ಕೂತಿತು. ಉಳಿದ ಹಕ್ಕಿಗಳು ಮೊಟ್ಟೆಗೆ ಕಾವು ಕೊಡುತ್ತವೆ. ಇದು ತಂಪು ಕೊಡುತ್ತಿತ್ತು. ಆ ಬಿಸಿಲಿನಲ್ಲಿ ಸುಮ್ನೆ ಬಿಟ್ಟರೆ ಮೊಟ್ಟೆ ಬೆಂದೇ ಹೋಗುತ್ತದೆ, ಅಲ್ವಾ?

ನೀವು ಬರಡು ಅನ್ನುವುದೇ ಈ ಹಕ್ಕಿಗೆ ಬೇಕಾದದ್ದು. ಮರ ನೆಟ್ಟು ಪದವನ್ನು 'ಹಸಿರು' ಮಾಡಿದರೂ ಇದು ಹೋಗುತ್ತದೆ. ಪರಿಸರ ದಿನದಂದು ಪದವಿನಲ್ಲಿ ಅಕೇಶಿಯ ನೆಡುವವರನ್ನು ಕಂಡರೆ ನನಗೆ ಬರುವ ಸಿಟ್ಟು ಕಲ್ಲು ಕೋರೆಯವರನ್ನು ಕಂಡರೂ ಬರುವುದಿಲ್ಲ. ಕೋರೆಯವರು ಪುಣ್ಯ ಮಾಡುತ್ತೇವೆ ಅಂತ ಹೇಳುವುದಿಲ್ಲವಲ್ಲ. ನೆಲಗುಬ್ಬಿಗೂ ಹಾಗೆಯೇ, ಬೋಳು ನೆಲ ಬೇಕು. ಗಂಡು ನೆಟ್ಟಗೆ ಮೇಲಕ್ಕೆ ಹಾರಿ, ರೆಕ್ಕೆ ಮಡಚಿ ಕಲ್ಲು ಬಿದ್ದ ಹಾಗೆ ಬಿದ್ದು, ಇನ್ನೇನು ನೆಲಕ್ಕೆ ಬಡಿಯಿತು ಅನ್ನುವಾಗ ಮತ್ತೆ ಏಳುತ್ತದೆ. ಮರದ ಕೆಳಗೆ ಈ ಸರ್ಕಸ್ ಮಾಡಲು ಆಗುತ್ತದಾ?

ಇನ್ನು ಅದೇ ಪದವಿಗೆ ಬೇರೆ ತಿಂಗಳಲ್ಲಿ ಹೋಗಿ. ಜುಲೈಯಲ್ಲಿ ಪಳ್ಳ ತುಂಬಿರುತ್ತದೆ, ಕಲ್ಲಿನ ಮೇಲೆ ಮೊಣಕಾಲೆತ್ತರ ಹುಲ್ಲು. ಓಣಂ ಹೊತ್ತಿಗೆ ಮಲಯಾಳಿಗಳ ಕಾಕ್ಕಪ್ಪೂ ಎಂಬ ನೀಲಿ ಹೂ ಹಾಸಿರುತ್ತದೆ. ಹುಲ್ಲು ಬೀಜ ಕಟ್ಟಿದಾಗ ಮುನಿಯಗಳ ಹಿಂಡು. ಡಿಸೆಂಬರಿನಲ್ಲಿ ಉತ್ತರದಿಂದ ಬಂದ ಹ್ಯಾರಿಯರ್ ಎಂಬ ಉದ್ದ ರೆಕ್ಕೆಯ ಗಿಡುಗಗಳು ಒಣಹುಲ್ಲಿಗೆ ಹೊಟ್ಟೆ ತಾಗುವಷ್ಟು ತಗ್ಗಿ ಹಾರುತ್ತವೆ. ಅವು ರಾತ್ರಿ ಮಲಗುವುದೂ ಮರದಲ್ಲಲ್ಲ, ಹುಲ್ಲಿನೊಳಗೆ, ನೆಲದ ಮೇಲೆ. ಒಂದೇ ಜಾಗ, ವರ್ಷದಲ್ಲಿ ಮೂರು ಬಾಡಿಗೆದಾರರು.

ನಿಮ್ಮಿಂದ ಬಹಳ ದೂರವಿಲ್ಲದ ಕಿದೂರಿನಲ್ಲಿ ನೂರೈವತ್ತಕ್ಕಿಂತ ಹೆಚ್ಚು ಜಾತಿ ದಾಖಲಾಗಿವೆ. ಅಲ್ಲಿ ಇರುವುದೂ ಇದೇ ಪದವು, ಪಳ್ಳ, ಪಕ್ಕದಲ್ಲಿ ಒಂದಷ್ಟು ಮರ. ಹಕ್ಕಿಯ ಮಾತು ರುಚಿಸದಿದ್ದರೆ ನೀರಿನ ಮಾತು ಹೇಳಿ ನೋಡಿ. ಪದವಿನ ಮೇಲೆ ನಿಂತ ಮಳೆ ನೀರು ಇಂಗಿ ತಾನೇ ಕೆಳಗೆ ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗಕ್ಕೆ ಬರಬೇಕು? ಜಾಗ ಕೊಡುವ ಮೊದಲು ನಿಮ್ಮ ಸುರಂಗದ ಹತ್ತಿರ ಹೋಗಿ ಒಂದು ಗಳಿಗೆ ನಿಂತು ಬನ್ನಿ.

ಗುಬ್ಬಚ್ಚಿ ನಾಶವಾಯಿತು, ಮೊಬೈಲ್ ಟವರಿನಿಂದ ಅನ್ನುತ್ತಾರೆ. ನಿಜವಾ?
— ಬದಿಯಡ್ಕ

ದೊಡ್ಡ ಪಟ್ಟಣಗಳಲ್ಲಿ ಕಡಿಮೆಯಾದದ್ದು ಹೌದು, ದೇಶದ ಮಟ್ಟಿಗೆ ನಾಶ ಅನ್ನುವ ಮಾತಿಲ್ಲ. ಬೆಳಿಗ್ಗೆ ಪೇಟೆಗೆ ಹೋಗಿ ಅಕ್ಕಿ ಅಂಗಡಿಯ ಮುಂದೆ ನಿಲ್ಲಿ, ಗೋಣಿಯ ಪಕ್ಕದಲ್ಲಿ ಹೆಕ್ಕುತ್ತಿರುತ್ತವೆ. ಹಂಚಿನ ಮಾಡು ತೆಗೆದು ಕಾಂಕ್ರೀಟ್ ಹಾಕಿದಾಗ ಅದಕ್ಕೆ ಗೂಡಿಗೆ ಸಂದು ಸಿಗುವುದಿಲ್ಲ. ಟವರನ್ನು ಬಯ್ಯುವುದು ಸುಲಭ, ಮನೆಯ ಮಾಡು ನಾವೇ ಬದಲಿಸಿದ್ದು.

ನನ್ನ ಕಂಗಿನ (ಅಡಿಕೆ) ತೋಟದಲ್ಲಿ ಬೇಕಾದಷ್ಟು ಹಕ್ಕಿ ಉಂಟು. ಭಾವ ಮಾತ್ರ 'ತೋಟ ಕಾಡಲ್ಲ' ಅಂತ ವಾದ ಮಾಡುತ್ತಾನೆ. ಯಾರ ಮಾತು ಸರಿ?
— ಒಬ್ಬ ಕೃಷಿಕ, ಬೋವಿಕ್ಕಾನ

ಇಬ್ಬರದ್ದೂ ಅರ್ಧರ್ಧ. ಊಟಕ್ಕೆ ಕೂತಾಗ ಈ ವಾದ ಮುಂದುವರಿಸಬೇಡಿ, ಸಾರು ತಣಿಯುತ್ತದೆ.

ನಿಮ್ಮ ಪರವಾಗಿ ಒಂದು ಗಟ್ಟಿ ಸಾಕ್ಷಿ ಉಂಟು. ಉತ್ತರ ಕನ್ನಡದ ಅಡಿಕೆ ಸೀಮೆಯಲ್ಲಿ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ ಕಾಡಿನ ಹಕ್ಕಿ ಜಾತಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಅಡಿಕೆ ಬೆಳೆಯುವ ನೆಲದಲ್ಲೂ ಸಿಕ್ಕಿದ್ದವು. ನೆರಳು ಉಂಟು, ಒದ್ದೆ ನೆಲ ಉಂಟು, ಮೇಲೆ ಸೋಗೆಯ ಮಾಡು. ನಮ್ಮಲ್ಲೂ ನವರಂಗ, ಬಾಲವನ್ನು ಮೇಲೆ ಕೆಳಗೆ ಅಲ್ಲದೆ ಅಡ್ಡಡ್ಡ ಆಡಿಸುವ ಕಾಡುಸಿಪಿಲೆ, ಒಣ ಎಲೆ ಮಗುಚುವ ಕಿತ್ತಳೆ ತಲೆಯ ನೆಲಸಿಳ್ಳಾರ, ಎರಡು ಉದ್ದ ಗರಿ ಎಳೆದುಕೊಂಡು ಹಾರುವ ಭೀಮರಾಜ, ಎಲ್ಲ ತೋಟಕ್ಕೆ ಬರುತ್ತವೆ.

ಭಾವನ ಪರವಾಗಿಯೂ ಹೇಳಬೇಕು. ಉತ್ತರ ಕನ್ನಡದ ಆ ತೋಟಗಳು ಒಂಟಿಯಾಗಿ ನಿಂತದ್ದಲ್ಲ. ಪಕ್ಕದಲ್ಲಿ ಸೊಪ್ಪು ತರುವ ಬೆಟ್ಟ, ಅಂದರೆ ಕಾಡು, ಇತ್ತು. ಮಂಗಟ್ಟೆ ಹಕ್ಕಿಗೆ ಮೊಟ್ಟೆ ಇಡಲು ದೊಡ್ಡ ಮರದ ಪೊಟರೆ ಬೇಕು, ಕಂಗಿನಲ್ಲಿ ಅದು ಎಲ್ಲಿ ಸಿಗಬೇಕು? ತೋಟ ಅದಕ್ಕೆ ಹೋಟೆಲು, ಮನೆಯಲ್ಲ. ನಿಮ್ಮ ತೋಟದ ಮೇಲಿನ ಕುಮ್ಕಿಯಲ್ಲಿ, ತೋಟಕ್ಕೆ ತಾಗಿದ ಸರಕಾರಿ ಜಾಗದಲ್ಲಿ, ಈಗ ಕಾಡು ಉಂಟಾ, ರಬ್ಬರಾ? ಅದನ್ನು ಬರೆದಿಲ್ಲ ನೀವು. ರಬ್ಬರು ಅಂತಾದರೆ ನಾನು ಭಾವನ ಕಡೆ.

ಜನವರಿಯಲ್ಲಿ ಸ್ಪ್ರಿಂಕ್ಲರ್ ತಿರುಗುವಾಗ ತೋಟದಲ್ಲಿ ಹಕ್ಕಿ ಜಾಸ್ತಿ ಕಾಣುವುದಕ್ಕೆ ಇನ್ನೊಂದು ಕಾರಣವೂ ಉಂಟು. ಸುತ್ತಲಿನ ಗುಡ್ಡೆ ಒಣಗಿರುತ್ತದೆ, ಹುಳ ಇರುವುದು ನಿಮ್ಮ ಒದ್ದೆ ನೆಲದಲ್ಲಿ ಮಾತ್ರ. ಇಡೀ ಗುಡ್ಡೆಯ ಹಕ್ಕಿ ನಿಮ್ಮಲ್ಲಿಗೆ ಬರುತ್ತದೆ. ಅದನ್ನು ನಿಮ್ಮ ಲೆಕ್ಕಕ್ಕೆ ಮಾತ್ರ ಹಾಕಿಕೊಳ್ಳಬೇಡಿ.

ಶಾಲೆಯ ಪ್ರಾಜೆಕ್ಟಿಗೆ ಒಂದು ಆದಿತ್ಯವಾರ ಹಕ್ಕಿ ಎಣಿಸಿದೆ. ತೋಟದಲ್ಲಿ 14 ಜಾತಿ, ಗದ್ದೆಯಲ್ಲಿ 23. ಗದ್ದೆಯಲ್ಲಿ ಹಕ್ಕಿ ಹೆಚ್ಚು ಅಂತ ಬರೆಯಬಹುದಾ ಸರ್?
— ಹತ್ತನೇ ತರಗತಿ, ಮಂಜೇಶ್ವರ

ಬರೆಯಬೇಡ ಮಗಾ. ಗದ್ದೆಯಲ್ಲಿ ನಿನಗೆ ಫರ್ಲಾಂಗು ದೂರದ ಬೆಳ್ಳಕ್ಕಿಯೂ ಕಾಣುತ್ತದೆ. ತೋಟದಲ್ಲಿ ನಾಲ್ಕು ಕಂಗಿನ ಆಚೆ ಏನೂ ಕಾಣುವುದಿಲ್ಲ. ಮತ್ತೆ ಯಾವುದಕ್ಕೆ ಮೊದಲು ಹೋದೆ? ಗದ್ದೆಗೆ ಬೆಳಿಗ್ಗೆ ಏಳಕ್ಕೆ, ತೋಟಕ್ಕೆ ತಿಂಡಿ ತಿಂದು ಹತ್ತಕ್ಕೆ ಅಂತಾದರೆ ನೀನು ಹೋಲಿಸಿದ್ದು ಏಳು ಗಂಟೆಯನ್ನು ಮತ್ತು ಹತ್ತು ಗಂಟೆಯನ್ನು.

ದೊಡ್ಡವರು ಹೇಗೆ ಮಾಡಿದರು ನೋಡು. 2015ರಿಂದ 2020ರವರೆಗೆ ಕೇರಳ ಬರ್ಡ್ ಅಟ್ಲಾಸ್ ಅಂತ ಒಂದು ಕೆಲಸ ನಡೆಯಿತು. ಇಡೀ ರಾಜ್ಯಕ್ಕೆ ನಕ್ಷೆಯಲ್ಲಿ ಚೌಕ ಹಾಕಿದರು. ಆಯ್ದ ಪ್ರತಿ ಚೌಕಕ್ಕೂ ವರ್ಷದ ಎರಡು ಕಾಲದಲ್ಲಿ ಹೋದರು, ಜುಲೈಯಿಂದ ಸೆಪ್ಟೆಂಬರ್ ಒಳಗೆ ಒಮ್ಮೆ, ಜನವರಿಯಿಂದ ಮಾರ್ಚ್ ಒಳಗೆ ಒಮ್ಮೆ. ಹೋದಲ್ಲಿ ಹದಿನೈದು ನಿಮಿಷಕ್ಕೊಂದು ಪಟ್ಟಿ. ಮಾಡಿದವರಲ್ಲಿ ಹೆಚ್ಚಿನವರು ನನ್ನ ನಿನ್ನ ಹಾಗೆ ಹವ್ಯಾಸಿಗಳೇ. ಚೌಕ ರಬ್ಬರಿನ ಮಧ್ಯೆ ಬಿದ್ದರೂ ಪೇಟೆಯ ಮಧ್ಯೆ ಬಿದ್ದರೂ ಹೋಗಲೇಬೇಕು, ಹಕ್ಕಿ ಚೆನ್ನಾಗಿ ಸಿಗುವ ಜಾಗಕ್ಕೆ ಮಾತ್ರ ಹೋಗುವ ಹಾಗಿಲ್ಲ. ಅದೇ ಇದರ ಗಮ್ಮತ್ತು.

ಸುಮಾರು ಮೂರು ಲಕ್ಷ ದಾಖಲೆ, 361 ಜಾತಿ ಸಿಕ್ಕಿತು. ಮಳೆಗಾಲಕ್ಕಿಂತ ಒಣ ಕಾಲದಲ್ಲಿ ಜಾತಿಗಳು ಹೆಚ್ಚು. ಪೆರ್ಲದ ಅಕ್ಕನ ಅಂಗಳ ಹೇಳಿದ್ದನ್ನೇ ಇಡೀ ರಾಜ್ಯ ಹೇಳಿತು. ತೆಂಕಣ ಜಿಲ್ಲೆಗಳಿಗಿಂತ ಬಡಗಣ ಮತ್ತು ನಡುವಿನ ಜಿಲ್ಲೆಗಳಲ್ಲಿ ವೈವಿಧ್ಯ ಹೆಚ್ಚು. ಬಡಗಣ ತುದಿ ಯಾವುದು? ನಿನ್ನ ಮಂಜೇಶ್ವರವೇ! ಮತ್ತೊಂದು ಲೆಕ್ಕ ನನಗೆ ತುಂಬ ಇಷ್ಟ. ಆ 361ರಲ್ಲಿ ಅತಿ ಹೇರಳ ಅನ್ನಬಹುದಾದದ್ದು ಹತ್ತೇ ಜಾತಿ. 94 ಜಾತಿ ತೀರಾ ಅಪರೂಪ. ಹಾಗಾಗಿ ನಿನ್ನ ಪಟ್ಟಿಯಲ್ಲಿ ಕಾಗೆ, ಮೈನಾ, ಪಿಕಳಾರಗಳೇ ತುಂಬಿದ್ದರೆ ನಾಚಿಕೆ ಬೇಡ.

ಈಗ ಮಾಡಬೇಕಾದದ್ದು ಇಷ್ಟೇ. ಗದ್ದೆಯಲ್ಲಿ ಒಂದು ಕಲ್ಲು, ತೋಟದಲ್ಲಿ ಒಂದು ಕಟ್ಟೆ ಗುರುತು ಮಾಡಿಕೋ. ಬೆಳಿಗ್ಗೆ ಏಳಕ್ಕೆ ಹದಿನೈದು ನಿಮಿಷ ಎಣಿಸು. ಒಂದು ಸಲ ಮೊದಲು ಗದ್ದೆ, ಮುಂದಿನ ಸಲ ಮೊದಲು ತೋಟ. ತಿಂಗಳಿಗೆ ಎರಡು ಸಲ, ವರ್ಷವಿಡೀ. ಕಂಡದ್ದು, ಕೇಳಿದ್ದು ಬೇರೆ ಬೇರೆ ಬರೆ. ಏನೂ ಸಿಗದ ದಿನವೂ ಬರೆ. ಪ್ರಾಜೆಕ್ಟ್ ಕೊಡುವ ದಿನ ದಾಟಿಹೋಗುತ್ತದೆ, ಗೊತ್ತು. ನಿನ್ನ ಟೀಚರಿಗೆ ಈ ಪುಟ ತೋರಿಸು.

ಕಳೆದ ಸಂಚಿಕೆಯಲ್ಲಿ ಬೂದು ಸಿಪಿಲೆ ನವರಾತ್ರಿಗೆ ಬರುತ್ತದೆ ಅಂತ ಬರೆದಿದ್ದೀರಿ. ನಮ್ಮ ಸುರಂಗದ ಬಾಯಲ್ಲಿ ಚೌತಿಗೆ ಮೊದಲೇ ಬಾಲ ಕುಣಿಸುತ್ತಿತ್ತು. ತಪ್ಪು ಬರೆದಿದ್ದೀರಿ.
— ಮುಳ್ಳೇರಿಯಾ

ಹೌದು, ತಪ್ಪು ನನ್ನದೇ. ನಮ್ಮ ನೆಂಟರ ಪೈಕಿ ಬೇಗ ಬರುವವರಲ್ಲಿ ಅದೂ ಒಂದು, ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಿಗೇ ಹರಿಯುವ ನೀರಿನ ಬದಿಗೆ ಬಂದಿರುತ್ತದೆ. ನಮ್ಮ ಮನೆಯ ಹತ್ತಿರ ತೋಡು ಇಲ್ಲ, ಅಂಗಳಕ್ಕೆ ಅದು ಬರುವುದು ತಡವಾಗಿ. ಅಂಗಳ ನೋಡಿ ಊರಿಗೆಲ್ಲ ತಾರೀಕು ಹೇಳಿದೆ. ನಿಮ್ಮ ಕಾಗದ ಓದಿ ಅಟ್ಟದಿಂದ ಹಳೆಯ ನೋಟ್‌ಪುಸ್ತಕ ಇಳಿಸಿದೆ. ತೋಡಿನ ಬದಿಯ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ವರ್ಷದ ಪುಟ. ಸೆಪ್ಟೆಂಬರ್ 4, ನನ್ನದೇ ಅಕ್ಷರ: 'ಸಿಪಿಲೆ ಬಂತು. ಶಿಕ್ಷಕರ ದಿನಾಚರಣೆಯ ಮೀಟಿಂಗಿಗೆ ತಡವಾಯಿತು.'